ದೋಣಿಗೆ ಸ್ಟೀರಿಯೋ ಕಟ್ಟುವುದು ಹೇಗೆ?



ಈ ಸಲದ ಗೋಡೆ ಪತ್ರಿಕೆಗೆ ನೀವೇ ಮಾಡಿ ನೋಡಿದ ಒಂದು ಕೆಲಸದ ಬಗ್ಗೆ ಬರೆಯಿರಿ ಎಂದು ವಿಜ್ಞಾನದ ಸರ್ ಹೇಳಿದರು. ಹೋದ ಸಲ ನಾನು ಮಳೆಗಾಲದ ಸೊಬಗಿನ ಬಗ್ಗೆ ಬರೆದಿದ್ದೆ. ಅದನ್ನು ಯಾರೂ ಪೂರ್ತಿ ಓದಲಿಲ್ಲ ಅಂತ ನನಗೆ ಗೊತ್ತು. ಈ ಸಲ ನಮ್ಮ ಮಾವನ ದೋಣಿಗೆ ಸ್ಟೀರಿಯೋ ಸೆಟ್ಟು ಕೂರಿಸಿದ ವಿಷಯ ಬರೆಯುತ್ತೇನೆ. ಎರಡು ಸಲ ಕೂರಿಸಿದೆವು. ಮೊದಲನೇ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ತಪ್ಪಾಗಿ ಕೂರಿಸಿದ್ದರಿಂದ ಏನಾಯಿತು ಅನ್ನುವುದನ್ನೂ ಬರೆಯಲು ಮಾವನ ಹತ್ತಿರ ಒಪ್ಪಿಗೆ ಕೇಳಿದೆ. "ಬರಿ. ಆದ್ರೆ ನನ್ ಹೆಸ್ರ್ ಹಾಕ್ಬೇಡ" ಅಂದರು. ಹಾಗಾಗಿ ಹೆಸರು ಇಲ್ಲ.

ನಮ್ಮ ಮನೆ ಪಂಚಗಂಗಾವಳಿ ಹೊಳೆಯ ದಂಡೆಯಲ್ಲಿದೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಸೇರಿ ಗಂಗೊಳ್ಳಿಯ ಹತ್ತಿರ ಸಮುದ್ರಕ್ಕೆ ಹೋಗುತ್ತವೆ. ಹೊಳೆ ಸಮುದ್ರ ಸೇರುವ ಬಾಯಿಗೆ ಅಳಿವೆ ಎನ್ನುತ್ತೇವೆ. ಇದನ್ನು ನಮ್ಮ ಊರಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ಈ ವರ್ಷ ಘಟ್ಟದ ಮೇಲಿನಿಂದ ಬಂದು ನಮ್ಮ ತರಗತಿಗೆ ಸೇರಿದ ಇಬ್ಬರು ಗೆಳೆಯರಿಗಾಗಿ ಬರೆದಿದ್ದೇನೆ.

ಮಾವನದು ಫೈಬರ್ ದೋಣಿ. ಉದ್ದ 22 ಅಡಿ. ಹಿಂದೆ 25 ಎಚ್.ಪಿ. ಔಟ್‌ಬೋರ್ಡ್ ಇಂಜಿನ್ ಇದೆ. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸುವ ಇಂಜಿನ್. ಚಿಕ್ಕ ಇಂಜಿನ್‌ಗಳನ್ನು ಹಗ್ಗ ಎಳೆದು ಸ್ಟಾರ್ಟ್ ಮಾಡುತ್ತಾರೆ. ಮಾವನ ಇಂಜಿನ್‌ಗೆ ಸೆಲ್ಫ್ ಇದೆ, ಕೀ ತಿರುಗಿಸಿದರೆ ಸಾಕು. ಸೆಲ್ಫ್ ಇರುವುದರಿಂದ ದೋಣಿಯಲ್ಲಿ 12 ವೋಲ್ಟಿನ ಬ್ಯಾಟರಿಯೂ ಇದೆ. ಬ್ಯಾಟರಿ ಇದ್ದದ್ದೇ ನಮ್ಮ ಆಸೆಗೆ ಕಾರಣ.

ಬಲೆ ಬಿಟ್ಟ ಮೇಲೆ ಮೂರು ನಾಲ್ಕು ಗಂಟೆ ಸುಮ್ಮನೆ ಕಾಯಬೇಕು. ಮೊದಲೆಲ್ಲ ಮಾವ ಮೊಬೈಲಿನಲ್ಲಿ ಯಕ್ಷಗಾನ ಹಾಕಿ, ಮೊಬೈಲನ್ನು ಖಾಲಿ ಬಕೇಟಿನೊಳಗೆ ಇಡುತ್ತಿದ್ದರು. ಬಕೇಟಿನಲ್ಲಿ ಇಟ್ಟರೆ ಶಬ್ದ ಸ್ವಲ್ಪ ಜೋರಾಗುತ್ತದೆ. ಆದರೆ ಭಾಗವತರು ಬಾವಿಯಲ್ಲಿ ಕುಳಿತು ಹಾಡಿದ ಹಾಗೆ ಕೇಳುತ್ತದೆ. ನಮ್ಮ ಅಜ್ಜನ ಹತ್ತಿರ ಕಾಳಿಂಗ ನಾವಡರ ಕ್ಯಾಸೆಟ್‌ಗಳಿದ್ದವು. ನಾವಡರು 1990ರಲ್ಲಿ ತೀರಿಕೊಂಡವರು, ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು. ಆದರೂ ನಮ್ಮ ಮನೆಯಲ್ಲಿ ಅವರ ಪದ್ಯ ಕೇಳದ ವಾರ ಇಲ್ಲ. ದೊಡ್ಡಮ್ಮನ ಮಗ ಅಣ್ಣ ಆ ಕ್ಯಾಸೆಟ್‌ಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದ. ಆಮೇಲೆ ಗುಜರಿಯಲ್ಲಿ ಹಳೇ ಕಾರಿನ ಸೆಟ್ಟು, ಎರಡು ಸ್ಪೀಕರ್ ಸಿಕ್ಕಿದವು. ದಸರಾ ರಜೆಯೂ ಬಂತು. ಮತ್ತೆ ಕೇಳಬೇಕೆ?

ಸ್ಟೀರಿಯೋ ಅಂದರೆ ಏನು ಎಂದು ಮೊದಲು ಹೇಳುತ್ತೇನೆ. ನಮಗೆ ಎರಡು ಕಿವಿ ಇವೆ. ಎಡಗಡೆ ಚೆಂಡೆ ಬಾರಿಸಿದರೆ ಎಡ ಕಿವಿಗೆ ಸ್ವಲ್ಪ ಬೇಗ, ಸ್ವಲ್ಪ ಜೋರಾಗಿ ಕೇಳುತ್ತದೆ. ಬಲ ಕಿವಿಗೆ ಚೂರು ತಡವಾಗಿ ಕೇಳುತ್ತದೆ. ಈ ವ್ಯತ್ಯಾಸದಿಂದ ಶಬ್ದ ಯಾವ ಕಡೆಯಿಂದ ಬಂತು ಎಂದು ಮಿದುಳು ತಿಳಿಯುತ್ತದೆ. ಅದೇ ಥರ ಎಡಕ್ಕೆ ಒಂದು, ಬಲಕ್ಕೆ ಒಂದು ಬೇರೆ ಬೇರೆ ಧ್ವನಿ ಹಿಡಿದು, ಎರಡು ಸ್ಪೀಕರಿನಲ್ಲಿ ಕೇಳಿಸುವುದು ಸ್ಟೀರಿಯೋ. ಇಂಗ್ಲೆಂಡಿನ ಅಲನ್ ಬ್ಲಮ್ಲೀನ್ ಎಂಬ ಇಂಜಿನಿಯರ್ 1931ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಆದರೆ ಒಂದು ತಮಾಷೆ ಇದೆ. ಅಜ್ಜನ ಕ್ಯಾಸೆಟ್‌ಗಳು ಒಂದೇ ಮೈಕಿನಲ್ಲಿ ಹಿಡಿದವು. ಎರಡೂ ಸ್ಪೀಕರಿನಲ್ಲಿ ಒಂದೇ ಶಬ್ದ ಬರುತ್ತದೆ. ಅಂದರೆ ಸೆಟ್ಟು ಸ್ಟೀರಿಯೋ, ಪದ್ಯ ಸ್ಟೀರಿಯೋ ಅಲ್ಲ. ಇದನ್ನು ಹೇಳಿದರೆ ಮಾವ ಒಪ್ಪುವುದಿಲ್ಲ.

ಈಗ ಮೊದಲನೇ ಸಲ ಕೂರಿಸಿದ್ದು. ಕಾರಿನ ಸೆಟ್ಟಿನ ಹಿಂದೆ ಬಣ್ಣ ಬಣ್ಣದ ವಯರುಗಳ ಜಡೆ ಇರುತ್ತದೆ. ಕಪ್ಪು ವಯರ್ ಮೈನಸ್. ಹಳದಿ ವಯರ್ ಸದಾ ಪ್ಲಸ್‌ಗೆ ಸೇರಿರಬೇಕು, ಸೆಟ್ಟಿನ ಗಡಿಯಾರ ಮತ್ತು ನೆನಪು ಉಳಿಯುವುದು ಅದರಿಂದ. ಕೆಂಪು ವಯರ್ ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗಕ್ಕೆ. ಎಡ ಸ್ಪೀಕರಿಗೆ ಬಿಳಿ ಜೋಡಿ, ಬಲ ಸ್ಪೀಕರಿಗೆ ಬೂದು ಜೋಡಿ. ಜೋಡಿಯಲ್ಲಿ ಕಪ್ಪು ಗೆರೆ ಇರುವುದು ಮೈನಸ್. ಹಸಿರು ಮತ್ತು ನೇರಳೆ ಜೋಡಿ ಕಾರಿನ ಹಿಂದಿನ ಸ್ಪೀಕರುಗಳಿಗೆ, ನಮಗೆ ಅದು ಬೇಡ. ಬೇಡದ ವಯರುಗಳ ತುದಿಗೆ ಒಂದೊಂದಕ್ಕೂ ಬೇರೆ ಬೇರೆ ಟೇಪು ಸುತ್ತಬೇಕು, ಒಂದಕ್ಕೊಂದು ತಾಗಬಾರದು. (ಬಣ್ಣದ ಚಿತ್ರ ಪಕ್ಕದ ಹಾಳೆಯಲ್ಲಿದೆ. ನೇರಳೆ ಪೆನ್ಸಿಲ್ ಮುಗಿದದ್ದರಿಂದ ನೀಲಿ ಹಾಕಿದ್ದೇನೆ, ದಯವಿಟ್ಟು ನೇರಳೆ ಎಂದು ತಿಳಿಯಿರಿ.)

ನಾನು ಮತ್ತು ಅಣ್ಣ ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಯ ಪ್ಲಸ್‌ಗೆ ಸಿಕ್ಕಿಸಿದೆವು. ಕಪ್ಪನ್ನು ಮೈನಸ್‌ಗೆ ಕೊಟ್ಟೆವು. ಫ್ಯೂಸ್ ಹಾಕಲಿಲ್ಲ. ಸೆಟ್ಟನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಡಬ್ಬಿ ಅಲ್ಲಾಡಬಾರದು ಎಂದು ದೋಣಿಯಲ್ಲಿ ಬಿದ್ದಿದ್ದ ಒಂದು ಗಟ್ಟಿ ಹಗ್ಗದಿಂದ ಅಡ್ಡ ಹಲಗೆಗೆ ಬಿಗಿದೆವು. ಕಟ್ಟಿದ್ದು ನಾನು. ಆ ಹಗ್ಗದ ಒಂದು ತುದಿಗೆ ಗಂಟು, ಇನ್ನೊಂದು ತುದಿಗೆ ಮರದ ಹಿಡಿ ಇತ್ತು. ಹಿಡಿ ಯಾಕೆ ಇದೆ ಎಂದು ನಾನು ಯೋಚನೆ ಮಾಡಲಿಲ್ಲ. ಪದ್ಯ ಬಂತು. ದಂಡೆಯಲ್ಲಿ ನಿಂತಿದ್ದ ಅಜ್ಜಿಗೂ ಕೇಳಿತು. ನಮಗೆ ಅಷ್ಟೇ ಬೇಕಿತ್ತು.

ರಜೆ ಮುಗಿಯಲು ಎರಡು ದಿನ ಇತ್ತು. ಸಂಜೆ ಮಾವನ ಜೊತೆ ನಾನೂ ಹೋದೆ. ಲೈಫ್ ಜಾಕೆಟ್ ಹಾಕಿಸಿಯೇ ಕರೆದುಕೊಂಡು ಹೋದರು. ಮನೆಯಿಂದ ಹತ್ತು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿ, ಬಲೆ ಬಿಟ್ಟೆವು. ಬಲೆಯ ಜೊತೆ ದೋಣಿ ನಿಧಾನವಾಗಿ ತೇಲುತ್ತಿರುತ್ತದೆ. ಒಂದು ಲೈಟು ಉರಿಯುತ್ತಿತ್ತು, ಮಾವನ ಮೊಬೈಲು ಚಾರ್ಜಿಗೆ ಇತ್ತು, ನಾವಡರ ಪದ್ಯ ನಡೆಯುತ್ತಿತ್ತು. ನಾನು ಅವಲಕ್ಕಿ ತಿನ್ನುತ್ತಾ ಪ್ರಸಂಗ ಕೇಳುತ್ತಿದ್ದೆ. ಹಾಗೇ ಮೂರೂವರೆ ಗಂಟೆ ಹೋಯಿತು. ಅಷ್ಟರಲ್ಲಿ ಭರತ ಮುಗಿದು ಇಳಿತ ಶುರುವಾಗಿತ್ತು. ಹುಣ್ಣಿಮೆಯ ಮರುದಿನ ಬೇರೆ. ಹುಣ್ಣಿಮೆ ಅಮಾವಾಸ್ಯೆಯ ಹತ್ತಿರ ಭರತ ಇಳಿತ ಎರಡೂ ಜೋರು ಇರುತ್ತವೆ, ಯಾಕೆಂದರೆ ಆಗ ಸೂರ್ಯ ಮತ್ತು ಚಂದ್ರ ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುತ್ತವೆ. ಹೊಳೆಯ ನೀರೆಲ್ಲ ಅಳಿವೆಯ ಕಡೆ ಓಡುತ್ತಿತ್ತು.

ಮಾವ ಬಲೆ ಎಳೆದು ಮುಗಿಸಿ ಕೀ ತಿರುಗಿಸಿದರು. ಟಿಕ್ ಎಂದಿತು. ಮತ್ತೆ ತಿರುಗಿಸಿದರು. ಟಿಕ್ ಟಿಕ್ ಟಿಕ್. ಇಂಜಿನ್ ಅಲ್ಲಾಡಲೇ ಇಲ್ಲ. ಪದ್ಯ ಮಾತ್ರ ಚೆನ್ನಾಗಿ ಬರುತ್ತಿತ್ತು.

"ಹಾಡ್ ಬತ್ತಾ ಇತ್ತಲೆ ಮಾರಾಯಾ, ಬ್ಯಾಟ್ರಿ ಎಂತಕ್ ಹೋಯ್ತ್?" ಅಂದರು ಮಾವ. ಆಮೇಲೆ ಅಳಿವೆಯ ಕಡೆ ನೋಡಿದರು. ಅಲ್ಲಿ ಇಳಿತದ ನೀರು ಸಮುದ್ರದ ತೆರೆಗೆ ಎದುರಾಗುತ್ತದೆ. ಎದುರಾದ ಕಡೆ ತೆರೆ ಗಿಡ್ಡವಾಗಿ, ಕಡಿದಾಗಿ ಎದ್ದು ಒಡೆಯುತ್ತದೆ. ಕತ್ತಲಲ್ಲೂ ಬಿಳಿ ನೊರೆ ಕಾಣುತ್ತಿತ್ತು. ನನಗೆ ಆಗ ಭಯ ಆಗಲಿಲ್ಲ. ಮಾವ ಕೈ ಚಾಚಿ ಸೆಟ್ಟು ಬಂದ್ ಮಾಡಿದರಲ್ಲ, ಆಗ ಭಯ ಆಯಿತು. ಪದ್ಯ ನಿಂತ ಮೇಲೆ ತೆರೆಯ ಶಬ್ದ ಕೇಳಿತು. ಅದು ಅಷ್ಟು ಹತ್ತಿರ ಇದೆ ಎಂದು ಅಲ್ಲಿಯವರೆಗೆ ಇಬ್ಬರಿಗೂ ಗೊತ್ತಾಗಿರಲಿಲ್ಲ.

"ಲಂಗರ್ ಬಿಡ್, ಬೇಗ!" ಅಂದರು. ಬಿಟ್ಟೆ. ಅದು ಮರಳಿನಲ್ಲಿ ಸ್ವಲ್ಪ ದೂರ ಎಳೆದುಕೊಂಡು ಹೋಗಿ ಆಮೇಲೆ ಕಚ್ಚಿತು. ಮಾವ ಇಂಜಿನ್ನಿನ ಮೇಲಿನ ಟೋಪಿ ತೆಗೆದರು. ಸೆಲ್ಫ್ ಇರುವ ಇಂಜಿನ್‌ನಲ್ಲೂ ಮೇಲುಗಡೆ ಒಂದು ಚಕ್ರ ಇದೆ, ಅದಕ್ಕೆ ಹಗ್ಗ ಸುತ್ತಿ ಜೋರಾಗಿ ಎಳೆದರೆ ಸ್ಟಾರ್ಟ್ ಆಗುತ್ತದೆ. ಕಷ್ಟಕಾಲಕ್ಕೆ ಎಂದೇ ಆ ಹಗ್ಗ ದೋಣಿಯಲ್ಲಿ ಇರುತ್ತದೆ.

"ಹಗ್ಗ ಎಲ್ಲಿತ್ತ್?"

"ಡಬ್ಬಿಗೆ ಕಟ್ಟಿದ್ದೆ ಮಾವ" ಅಂದೆ.

ಅವರು ಏನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಬಿಗಿಯಾಗಿ ಕಟ್ಟಿದ್ದೆ, ಉಪ್ಪು ನೀರು ತಾಗಿ ಗಂಟು ಇನ್ನೂ ಬಿಗಿಯಾಗಿತ್ತು. ನನ್ನ ಕೈಯಲ್ಲಿ ಬಿಚ್ಚಲು ಆಗಲಿಲ್ಲ, ಮಾವ ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಮೂರನೇ ಎಳೆತಕ್ಕೆ ಇಂಜಿನ್ ಹೊತ್ತಿಕೊಂಡಿತು. ಮನೆ ತಲುಪುವವರೆಗೆ ಇಬ್ಬರೂ ಮಾತಾಡಲಿಲ್ಲ.

ದಂಡೆಯಲ್ಲಿ ಅತ್ತೆ ನಿಂತಿದ್ದರು. "ಪದ್ಯ ಕೇಂತಿತ್ತಲೆ, ಬಂದ್ರಿ ಅಂದ್ಕಂಡ್ ಗಂಜಿ ಬಿಸಿ ಮಾಡಿ ಇಟ್ಟಿದ್ದೆ. ಇಷ್ಟ್ ಹೊತ್ತ್ ಎಂತಕಾಯ್ತ್?" ಎಂದು ಕೇಳಿದರು. ಅವರಿಗೆ ಪದ್ಯ ಕೇಳಿದ್ದು ಸುಳ್ಳಲ್ಲ. ರಾತ್ರಿ ನೀರಿನ ಮೇಲೆ ಶಬ್ದ ಬಹಳ ದೂರ ಹೋಗುತ್ತದೆ. ನೀರಿಗೆ ತಾಗಿದ ಗಾಳಿ ತಣ್ಣಗೆ, ಅದರ ಮೇಲಿನ ಗಾಳಿ ಬೆಚ್ಚಗೆ ಇದ್ದಾಗ ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ಮತ್ತೆ ಕೆಳಕ್ಕೆ ಬರುತ್ತದೆ ಎಂದು ಸರ್ ವಿವರಿಸಿದರು. ಅತ್ತೆಗೆ ನಾವು ಹತ್ತಿರ ಬರುತ್ತಿದ್ದೇವೆ ಅನ್ನಿಸಿದಾಗ ನಾವು ದೂರ ಹೋಗುತ್ತಿದ್ದೆವು. ಅದನ್ನು ಅವರಿಗೆ ಆ ದಿನ ಹೇಳಲಿಲ್ಲ. ಈ ಪತ್ರಿಕೆ ಅವರು ಓದುವುದಿಲ್ಲ ಅಂದುಕೊಂಡಿದ್ದೇನೆ.

ಪದ್ಯ ಬರುವಾಗ ಇಂಜಿನ್ ಯಾಕೆ ಸ್ಟಾರ್ಟ್ ಆಗಲಿಲ್ಲ? ಇದೇ ಈ ಲೇಖನದ ಮುಖ್ಯ ವಿಷಯ. ಬ್ಯಾಟರಿಯನ್ನು ನೀರಿನ ಟ್ಯಾಂಕಿ ಎಂದುಕೊಳ್ಳಿ. ಸೆಟ್ಟು ಸಣ್ಣ ನಲ್ಲಿ. ಅದಕ್ಕೆ ಮಧ್ಯಮ ಶಬ್ದದಲ್ಲಿ ಎರಡು ಮೂರು ಆಂಪಿಯರ್ ಸಾಕು. ಟ್ಯಾಂಕಿಯ ತಳದಲ್ಲಿ ಸ್ವಲ್ಪ ನೀರಿದ್ದರೂ ಸಣ್ಣ ನಲ್ಲಿಯಲ್ಲಿ ನೀರು ಬರುತ್ತದೆ. ಸೆಲ್ಫ್ ಹಾಗಲ್ಲ. ಅದು ಒಂದೆರಡು ಸೆಕೆಂಡು ಮಾತ್ರ ಓಡಿದರೂ ಆ ಹೊತ್ತಿಗೆ ಹತ್ತಾರು ಆಂಪಿಯರ್ ಎಳೆಯುತ್ತದೆ, ಕೆಲವು ಇಂಜಿನ್‌ಗಳಲ್ಲಿ ನೂರರ ಹತ್ತಿರವೂ ಹೋಗುತ್ತದೆ. ಬಕೇಟು ಬಕೇಟು ನೀರನ್ನು ಒಮ್ಮೆಲೇ ಕೇಳಿದ ಹಾಗೆ. ಆದ್ದರಿಂದ ಹಾಡು ಬರುತ್ತಿದೆ ಎಂದರೆ ಬ್ಯಾಟರಿ ಸರಿ ಇದೆ ಎಂದು ತಿಳಿಯಬಾರದು. ಹಾಡು ಕಡೆಯವರೆಗೂ ಬರುತ್ತದೆ.

ಲೆಕ್ಕ ನೋಡಿ. ನಮ್ಮ ಬ್ಯಾಟರಿ 35 ಆಂಪಿಯರ್ ಅವರ್. ಅಂದರೆ ಹೊಸದಿದ್ದಾಗ, ಪೂರ್ತಿ ಚಾರ್ಜ್ ಆದಾಗ, 1 ಆಂಪಿಯರನ್ನು ಸುಮಾರು 35 ಗಂಟೆ ಕೊಡಬಲ್ಲದು. ಆ ದಿನ ಸೆಟ್ಟಿಗೆ 3, ಲೈಟಿಗೆ 1, ಮೊಬೈಲಿಗೆ 1, ಒಟ್ಟು 5 ಆಂಪಿಯರ್. ಮೂರೂವರೆ ಗಂಟೆಗೆ 17.5. ಅಲ್ಲಿಗೆ ಅರ್ಧ ಖಾಲಿ. ಬ್ಯಾಟರಿ ಹಳೆಯದು, ಹಾಗಾಗಿ ಅದರಲ್ಲಿ 35 ಇರಲೇ ಇಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ನಮ್ಮ ಇಂಜಿನ್ ಜೋರಾಗಿ ಓಡುವಾಗ 6 ಆಂಪಿಯರಿನಷ್ಟು ಮಾತ್ರ ಕೊಡುತ್ತದೆ ಎಂದು ಮೆಕ್ಯಾನಿಕ್ ಹೇಳಿದರು. ಹತ್ತು ನಿಮಿಷ ಓಡಿದರೆ 1 ಆಂಪಿಯರ್ ಅವರ್ ವಾಪಸು ಬಂತು. ಒಂದು ಹಾಕಿ ಹದಿನೇಳೂವರೆ ತೆಗೆದೆವು! ಕಾರಿನಲ್ಲಿ ಈ ತೊಂದರೆ ಕಡಿಮೆ, ಯಾಕೆಂದರೆ ಕಾರಿನಲ್ಲಿ ಹಾಡು ಕೇಳುವುದು ಹೆಚ್ಚಾಗಿ ಇಂಜಿನ್ ಓಡುವಾಗ. ದೋಣಿಯಲ್ಲಿ ಕೇಳುವುದು ಇಂಜಿನ್ ನಿಂತಾಗ. ಕಾರು ನಿಂತರೆ ಇಳಿದು ತಳ್ಳಬಹುದು, ದೋಣಿಯಿಂದ ಇಳಿದು ಎಲ್ಲಿ ನಿಲ್ಲುವುದು?

ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಸ್ಥಿತಿ ಗೊತ್ತಾಗುತ್ತದೆ. ಏನೂ ಓಡದೆ ಸ್ವಲ್ಪ ಹೊತ್ತು ಬಿಟ್ಟು ಅಳೆದರೆ 12.6 ವೋಲ್ಟಿನ ಮೇಲೆ ಇದ್ದರೆ ಪೂರ್ತಿ ತುಂಬಿದೆ. 12.2ರ ಹತ್ತಿರ ಇದ್ದರೆ ಅರ್ಧ. 11.9ಕ್ಕೆ ಇಳಿದರೆ ಖಾಲಿಯೇ ಎನ್ನಬೇಕು. 12 ವೋಲ್ಟಿನ ಬ್ಯಾಟರಿ 12 ತೋರಿಸಿದರೆ ಸರಿ ಎಂದು ನಾನು ತಿಳಿದಿದ್ದೆ. ಅದು ತಪ್ಪು.

ಎರಡನೇ ಸಲ ಮಾವ ನಮ್ಮಿಬ್ಬರನ್ನೇ ಬಿಡಲಿಲ್ಲ. ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಬಂದರು. ಅವರು ನಮ್ಮ ಕೆಲಸ ನೋಡಿ ಮೊದಲು ನಕ್ಕರು, ಆಮೇಲೆ ಒಂದೊಂದೇ ಬಿಚ್ಚಿಸಿದರು. ಬಿಚ್ಚಿದ್ದೂ ನಾನೇ.

ಮೊದಲು ಎರಡು ಬ್ಯಾಟರಿ. ಹೊಸದು ಇಂಜಿನ್‌ಗೆ, ಅದರಿಂದ ಬೇರೆ ಯಾವುದಕ್ಕೂ ಒಂದು ವಯರೂ ಹೋಗಬಾರದು. ಹಳೆಯದು ಹಾಡು, ಲೈಟು, ಮೊಬೈಲಿಗೆ. ಹಾಡಿನ ಬ್ಯಾಟರಿಯನ್ನು ಅಣ್ಣ ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಮನೆಗೆ ತಂದು ಚಾರ್ಜರಿಗೆ ಹಾಕುತ್ತಾನೆ. ಅದು ಪೂರ್ತಿ ಸತ್ತರೂ ದೋಣಿ ಮನೆಗೆ ಬರುತ್ತದೆ. ದುಡ್ಡಿದ್ದವರು ದೊಡ್ಡ ಬೋಟುಗಳಲ್ಲಿ ಎರಡೂ ಬ್ಯಾಟರಿಗಳನ್ನು ಒಂದು ತಿರುಗಿಸುವ ಸ್ವಿಚ್ಚಿಗೆ ಕೊಡುತ್ತಾರೆ. ನಮಗೆ ಸ್ಕೂಟರೇ ಸಾಕು.

ಎರಡನೆಯದು ಫ್ಯೂಸ್. ಪಾಠದಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲೂ ಬರೆದಿದ್ದೇವೆ, ಆದರೂ ಹಾಕಲಿಲ್ಲ. ಫ್ಯೂಸನ್ನು ಸೆಟ್ಟಿನ ಹತ್ತಿರ ಅಲ್ಲ, ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಹಾಕಬೇಕು. ಕಾರಣ ಇದೆ. ಬ್ಯಾಟರಿಯಿಂದ ಸೆಟ್ಟಿನವರೆಗೆ ಹತ್ತು ಅಡಿ ವಯರ್ ಇದೆ ಅಂದುಕೊಳ್ಳಿ. ಮಧ್ಯದಲ್ಲಿ ಎಲ್ಲಿಯಾದರೂ ಪ್ಲಾಸ್ಟಿಕ್ ಸವೆದು ಪ್ಲಸ್ ಮತ್ತು ಮೈನಸ್ ತಾಗಿದರೆ ವಯರ್ ಕೆಂಪಗೆ ಕಾಯುತ್ತದೆ. ಸೆಟ್ಟಿನ ಹತ್ತಿರ ಇರುವ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಬ್ಯಾಟರಿಯ ಹತ್ತಿರ ಇದ್ದರೆ ತಾನು ಕರಗಿ ವಯರನ್ನು ಉಳಿಸುತ್ತದೆ. ಇನ್ನೊಂದು ವಿಷಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನಿಲ್ಲುತ್ತದೆ. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬರುತ್ತದೆ, ಅದು ಹಗುರ, ಮುಚ್ಚಿದ ಪೆಟ್ಟಿಗೆಯ ಮೇಲುಗಡೆ ತುಂಬುತ್ತದೆ. ಎರಡಕ್ಕೂ ಒಂದು ಕಿಡಿ ಸಾಕು. ಆದ್ದರಿಂದ ಸೆಟ್ಟು, ಸ್ವಿಚ್ಚು ಯಾವುದನ್ನೂ ಟ್ಯಾಂಕಿಯ ಹತ್ತಿರ ಇಡಬಾರದು, ಬ್ಯಾಟರಿ ಪೆಟ್ಟಿಗೆಗೆ ಗಾಳಿಯಾಡಲು ತೂತು ಇರಬೇಕು. ನಾವು ಮೊದಲು ಡಬ್ಬಿ ಕಟ್ಟಿದ್ದು ಸರಿಯಾಗಿ ಪೆಟ್ರೋಲ್ ಟ್ಯಾಂಕಿನ ಪಕ್ಕ!

ಹಳದಿ ವಯರಿಗೂ ಒಂದು ಸ್ವಿಚ್ಚು ಹಾಕಿಸಿದೆವು. ಸೆಟ್ಟು ಬಂದ್ ಆಗಿದ್ದರೂ ಹಳದಿ ವಯರು ಗಡಿಯಾರಕ್ಕಾಗಿ ಚೂರು ಚೂರು ಕರೆಂಟು ಕುಡಿಯುತ್ತಲೇ ಇರುತ್ತದೆ. 10 ಮಿಲಿ ಆಂಪಿಯರ್ ಎಂದುಕೊಳ್ಳೋಣ. ಅದೆಂಥ ಮಹಾ ಎಂದು ನಾನೂ ಅಂದುಕೊಂಡೆ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಆಗ ದೋಣಿ ದಂಡೆಯ ಮೇಲೆ ಮಡಲಿನ ಚಪ್ಪರದ ಕೆಳಗೆ ಇರುತ್ತದೆ. 61 ದಿನವನ್ನು 24 ಗಂಟೆಯಿಂದ ಗುಣಿಸಿ, 0.01ರಿಂದ ಗುಣಿಸಿ. 14.64 ಆಂಪಿಯರ್ ಅವರ್ ಬರುತ್ತದೆ. ಯಾರೂ ಕೇಳದ ಗಡಿಯಾರಕ್ಕೆ ಅಷ್ಟು ಖರ್ಚು.

ಕಾರಿಗೂ ದೋಣಿಗೂ ಇನ್ನೊಂದು ವ್ಯತ್ಯಾಸ ಇದೆ. ಕಾರಿನ ಮೈಯೆಲ್ಲ ಕಬ್ಬಿಣ, ಆದ್ದರಿಂದ ಕಾರಿನ ಮೈಯೇ ಮೈನಸ್ ವಯರಿನ ಕೆಲಸ ಮಾಡುತ್ತದೆ. ಫೈಬರ್ ದೋಣಿಯ ಮೈಯಲ್ಲಿ ಕರೆಂಟು ಹರಿಯುವುದಿಲ್ಲ. ಪ್ರತಿಯೊಂದಕ್ಕೂ ಹೋಗುವ ವಯರ್ ಒಂದು, ಬರುವ ವಯರ್ ಒಂದು ಬೇಕು. ಮೆಕ್ಯಾನಿಕ್ ಎರಡನ್ನೂ ಜಡೆಯ ಹಾಗೆ ಒಂದಕ್ಕೊಂದು ಸುತ್ತಿ ಎಳೆದರು. ಅಂದಕ್ಕೆ ಅಂತ ನಾನು ತಿಳಿದೆ. ಅಂದಕ್ಕಲ್ಲ, ಕಂಪಾಸಿಗಾಗಿ. ಕರೆಂಟು ಹರಿಯುವ ವಯರಿನ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತದೆ ಎಂದು ಡೆನ್ಮಾರ್ಕಿನ ಏರ್‌ಸ್ಟೆಡ್ 1820ರಲ್ಲಿ ಕಂಡುಹಿಡಿದರು. ಹೋಗುವ ವಯರ್ ಮತ್ತು ಬರುವ ವಯರ್ ಒಟ್ಟಿಗೆ ಸುತ್ತಿದ್ದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ.

ವಯರಿಗಿಂತ ದೊಡ್ಡ ಕಳ್ಳ ಸ್ಪೀಕರ್. ಅದರ ಬೆನ್ನಿನಲ್ಲಿ ದೊಡ್ಡ ಅಯಸ್ಕಾಂತ ಇದೆ. ಇದನ್ನು ನಾವು ಮನೆಯಲ್ಲೇ ಪ್ರಯೋಗ ಮಾಡಿ ನೋಡಿದೆವು. ಮಾವನ ಕಂಪಾಸನ್ನು ಜಗಲಿಯ ಮೇಲಿಟ್ಟು ಸ್ಪೀಕರನ್ನು ಒಂದು ಗೇಣು ದೂರ ಇಟ್ಟರೆ ಮುಳ್ಳು ಉತ್ತರವನ್ನು ಬಿಟ್ಟು ಸ್ಪೀಕರಿನ ಕಡೆಗೇ ತಿರುಗಿತು. ಒಂದು ಮೊಳ ದೂರಕ್ಕೆ ಸ್ವಲ್ಪ ತಿರುಗಿತು. ಮೂರು ಮೊಳಕ್ಕೆ ಕಣ್ಣಿಗೆ ಕಾಣುವಷ್ಟು ಅಲ್ಲಾಡಲಿಲ್ಲ. ದೂರ ಎರಡು ಪಟ್ಟು ಮಾಡಿದರೆ ಅಯಸ್ಕಾಂತದ ಬಲ ಸುಮಾರು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಸರ್ ಹೇಳಿದರು. ನಾವು ಮೊದಲ ಸಲ ಬಲ ಸ್ಪೀಕರನ್ನು ಕಂಪಾಸಿನ ಪಕ್ಕದ ಹಲಗೆಗೇ ಹೊಡೆದಿದ್ದೆವು. ಹೊಳೆಯಲ್ಲಿ ಕಂಪಾಸು ಬೇಡ, ದೀಪ ನೋಡಿ ಬರಬಹುದು. ಮಾವ ಬೆಳಗಿನ ಜಾವದ ಮಂಜಿನಲ್ಲಿ ಸಮುದ್ರಕ್ಕೂ ಹೋಗುತ್ತಾರೆ. ಆಗ ಹಾಡು ದಾರಿ ತಪ್ಪಿಸುತ್ತಿತ್ತು.

ಉಪ್ಪಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ, ಉಳಿದ ಉಪ್ಪು ಗಾಳಿಯ ಪಸೆಯನ್ನು ಮತ್ತೆ ಎಳೆದುಕೊಳ್ಳುತ್ತದೆ. ನಮ್ಮ ಮೊದಲ ವಯರುಗಳ ತಾಮ್ರ ಒಂದು ತಿಂಗಳಲ್ಲಿ ಹಸಿರಾಗಿತ್ತು. ಈಗ ತವರ ಲೇಪಿಸಿದ ತಾಮ್ರದ ವಯರ್ ಹಾಕಿದ್ದೇವೆ, ಸ್ವಲ್ಪ ರೇಟು ಜಾಸ್ತಿ. ಬ್ಯಾಟರಿ ತುದಿಗಳಿಗೆ ವ್ಯಾಸಲೀನ್ ಹಚ್ಚಿದ್ದೇವೆ. ಕಾಗದದ ಸ್ಪೀಕರ್ ಉಬ್ಬಿ ಹರಿದುಹೋಯಿತು, ಬದಲಿಗೆ ಪ್ಲಾಸ್ಟಿಕ್ ಪೊರೆಯ ಸ್ಪೀಕರ್ ತಂದೆವು. ವಯರು ಡಬ್ಬಿಯೊಳಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಾವು ತೆಗೆದುಕೊಂಡು ಮತ್ತೆ ಮೇಲಕ್ಕೆ ಹೋಗಬೇಕು, ಉಯ್ಯಾಲೆಯ ಹಾಗೆ. ವಯರಿನ ಮೇಲೆ ಹರಿದು ಬಂದ ನೀರು ಆ ಬಾವಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಡಬ್ಬಿಯೊಳಗೆ ಹೋಗುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಒಂದು ಪೈಸೆ ಖರ್ಚಿಲ್ಲ.

ಹೊಸ ಸ್ಪೀಕರ್ ಹಾಕಿದ ದಿನ ಒಂದು ವಿಚಿತ್ರ ಆಯಿತು. ಚೆಂಡೆ ಕೇಳುತ್ತದೆ, ಭಾಗವತರ ಧ್ವನಿ ಕೇಳುತ್ತದೆ, ಮದ್ದಳೆಯ ಧೋಂ ಮಾತ್ರ ಇಲ್ಲವೇ ಇಲ್ಲ. ಮಾವ "ಮದ್ದಳೆಯವ್ರ್ ಮನಿಗ್ ಹೋದ್ರಾ?" ಎಂದರು. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿತ್ತು. ಒಂದರ ಪೊರೆ ಮುಂದಕ್ಕೆ ಬರುವಾಗ ಇನ್ನೊಂದರ ಪೊರೆ ಹಿಂದಕ್ಕೆ ಹೋಗುತ್ತಿತ್ತು. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ಎರಡೂ ಸೇರಿ ಸೊನ್ನೆ. ದಪ್ಪ ಶಬ್ದದಲ್ಲಿ ಇದು ಹೆಚ್ಚು ಗೊತ್ತಾಗುತ್ತದೆ. ಪರೀಕ್ಷೆ ಸುಲಭ. ಟಾರ್ಚಿನ ಒಂದು ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಒಂದು ಕ್ಷಣ ಮುಟ್ಟಿಸಿ. ಟಪ್ ಎಂದು ಪೊರೆ ಮುಂದಕ್ಕೆ ಬಂದರೆ ಗುರುತು ಸರಿ. ಹಿಂದಕ್ಕೆ ಹೋದರೆ ತಲೆಕೆಳಗು. ನಿಮ್ಮ ಮನೆಯಲ್ಲಿ ಹಳೇ ಸ್ಪೀಕರ್ ಇದ್ದರೆ ಮಾಡಿ ನೋಡಿ, ಮನೆಯವರನ್ನು ಕೇಳಿಯೇ ಮಾಡಿ.

ಡಬ್ಬಿಯ ಮೇಲೆ ಬರೆದ ವ್ಯಾಟುಗಳನ್ನು ಮಾತ್ರ ನಂಬಬೇಡಿ. ನಮ್ಮ ಸೆಟ್ಟಿನ ಮೇಲೆ 50 ಗುಣಿಸು 4 ಎಂದು ಬರೆದಿದೆ. 12 ವೋಲ್ಟಿನಲ್ಲಿ, 4 ಓಮಿನ ಸ್ಪೀಕರಿಗೆ ಒಂದೊಂದಕ್ಕೆ 18ರಿಂದ 20 ವ್ಯಾಟು ಬಂದರೆ ಹೆಚ್ಚು. ಮನೆಯಲ್ಲಿ ಅಷ್ಟೇ ಸಾಕಷ್ಟಾಗುತ್ತದೆ, ಗೋಡೆಗಳು ಶಬ್ದವನ್ನು ವಾಪಸು ಕೊಡುತ್ತವೆ. ಹೊಳೆಯ ಮಧ್ಯೆ ಗೋಡೆ ಇಲ್ಲ, ಶಬ್ದ ಹೋದದ್ದು ಹೋಯಿತು. ಹಾಗೆಂದು ಜೋರು ಮಾಡಲು ಹೋದರೆ, ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ಪವರ್ ಬೇಕು. ಅಣ್ಣನಿಗೆ ಆಂಪ್ಲಿಫಯರ್ ಹಾಕುವ ಆಸೆ ಇತ್ತು. ಈ ಲೆಕ್ಕ ತೋರಿಸಿದ ಮೇಲೆ ಬಿಟ್ಟ. ಸ್ಪೀಕರನ್ನು ನಾವು ಕೂರುವ ಜಾಗಕ್ಕೆ ಹತ್ತಿರ ತಂದು, ಸ್ವಲ್ಪ ಕೆಳಮುಖ ಮಾಡಿದೆವು. ಕೆಳಮುಖ ಇದ್ದರೆ ಮಳೆ ನೀರೂ ನಿಲ್ಲುವುದಿಲ್ಲ.

ಜೋರು ಮಾಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವನ್ನು ಮೆಕ್ಯಾನಿಕ್ ಹೇಳಿದರು. ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ 1972ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಿವೆ. ಅದರಲ್ಲಿ ಐದನೇ ನಿಯಮದ ಪ್ರಕಾರ ಕಣ್ಣಿನಿಂದ ಮಾತ್ರ ಅಲ್ಲ, ಕಿವಿಯಿಂದಲೂ ಸದಾ ಕಾವಲು ಇರಬೇಕು. ನಾನು ಆ ರಾತ್ರಿಯ ತೆರೆಯ ಶಬ್ದ ನೆನಪು ಮಾಡಿಕೊಂಡೆ. ಈಗ ಸೆಟ್ಟಿನ ಶಬ್ದದ ಗುಂಡಿಗೆ ಮಾವ ಬಿಳಿ ಪೇಂಟಿನಿಂದ ಒಂದು ಗೆರೆ ಹಾಕಿದ್ದಾರೆ, ಅದರ ಮೇಲೆ ತಿರುಗಿಸುವ ಹಾಗಿಲ್ಲ. ಅಣ್ಣ ಕೆಲವೊಮ್ಮೆ ತಿರುಗಿಸುತ್ತಾನೆ.

ಮರದ ಹಿಡಿಯ ಹಗ್ಗ ಈಗ ಇಂಜಿನ್ನಿನ ಪಕ್ಕ ಒಂದು ಕೊಂಡಿಯಲ್ಲಿ ನೇತಾಡುತ್ತದೆ. ಸೆಟ್ಟಿನ ಡಬ್ಬಿಗೆ ಸ್ಕ್ರೂ ಹೊಡೆದಿದ್ದೇವೆ. ದೋಣಿ ಹತ್ತುವಾಗೆಲ್ಲ ಮಾವ "ಹಗ್ಗ ಇತ್ತಾ ಕಾಣ್" ಎಂದು ನನ್ನನ್ನೇ ಕೇಳುತ್ತಾರೆ, ಅವರಿಗೆ ಕಾಣುತ್ತಾ ಇದ್ದರೂ. ನಾನು ಮುಟ್ಟಿ ನೋಡಿ "ಇತ್ತ್" ಅನ್ನುತ್ತೇನೆ. ಹಾಡು ಶುರುವಾಗುವುದು ಆಮೇಲೆ.

ಹೋದ ವಾರದಿಂದ ಎಡ ಸ್ಪೀಕರ್ ಗರಗರ ಅನ್ನುತ್ತಿದೆ. ಮರಳು ಹೋಗಿದೆಯೋ, ವಯರು ಸಡಿಲವಾಗಿದೆಯೋ ಭಾನುವಾರ ಬಿಚ್ಚಿ ನೋಡಬೇಕು. ಬರುವವರು ಬೆಳಿಗ್ಗೆ ಒಂಬತ್ತಕ್ಕೆ ದಂಡೆಗೆ ಬನ್ನಿ. ಸ್ಕ್ರೂಡ್ರೈವರ್ ಇದ್ದರೆ ತನ್ನಿ, ನಮ್ಮದು ಹೊಳೆಗೆ ಬಿದ್ದಿದೆ.

— ಏಳನೇ ತರಗತಿ ವಿದ್ಯಾರ್ಥಿ